ಗಿಡಕ್ಕಿಂತ ಮೊದಲು ಕುಂಡಕ್ಕೆ ನೆರಳು

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಮಾಳಿಗೆ ಮೇಲಿನ ಕುಂಡಗಳಿಗೆ ಆ ಭಾಗ್ಯ ಎಲ್ಲಿ? 42 ಡಿಗ್ರಿ ಬಿಸಿಲಲ್ಲಿ, ಕಾದ ಶಹಾಬಾದ್ ಕಲ್ಲಿನ ಮೇಲೆ ಸಂಜೆಯವರೆಗೂ ಕೂತಿರಬೇಕು.

ಎಲೆ ಬಾಡಿದರೆ ನಮಗೆ ಗಾಬರಿ. ಆದರೆ ಬೇಯುವುದು ಬೇರು. ನೆಲದಲ್ಲಿರುವ ಗಿಡದ ಬೇರಿಗೆ ಸುತ್ತಲೂ ತಂಪು ಮಣ್ಣಿರುತ್ತದೆ. ಕುಂಡದ ಬೇರಿಗೆ ಮೇಲಿಂದ, ಪಕ್ಕದಿಂದ, ಕೆಳಗಿಂದ ಬಿಸಿ. ಹೋದ ಬೇಸಿಗೆಯಲ್ಲಿ ನನ್ನದೊಂದು ಮಲ್ಲಿಗೆ ಗಿಡ ದಿನಾ ನೀರು ಹಾಕಿದರೂ ಒಣಗಿತು. ಕಪ್ಪು ಪ್ಲಾಸ್ಟಿಕ್ ಕುಂಡದಿಂದ ಬುಡಸಮೇತ ಕಿತ್ತು ನೋಡಿದೆ. ಪೂರ್ವದ ಕಡೆ ಬೇರು ಇನ್ನೂ ಬೆಳ್ಳಗಿತ್ತು. ಪಡುವಣ ಬಿಸಿಲು ಬೀಳುವ ಕಡೆಯದು ಕಂದಾಗಿ, ಮುಟ್ಟಿದರೆ ಹಳೇ ದಾರದಂತೆ ತುಂಡಾಗುತ್ತಿತ್ತು.

ಹಾಗಾಗಿ ಮೊದಲ ಕೆಲಸ, ಮಧ್ಯಾಹ್ನ 3 ಗಂಟೆಗೆ ಮಾಳಿಗೆ ಹತ್ತಿ ಒಂದೊಂದೇ ಕುಂಡದ ಮೇಲೆ ಅಂಗೈ ಇಡಿ. ಕೈ ಇಡಲು ಆಗದಿದ್ದರೆ ಆ ಕುಂಡಕ್ಕೆ ತುರ್ತು ಚಿಕಿತ್ಸೆ ಬೇಕು.

ಅದನ್ನು ಪಶ್ಚಿಮದ ಬಿಸಿಲಿಗೆ ಕಾಯುವ ಗೋಡೆಯಿಂದ ದೂರ ಸರಿಸಿ. ಅಡಿಗೆ ಎರಡು ಇಟ್ಟಿಗೆ ಕೊಡಿ. ಕಲ್ಲಿನ ಬಿಸಿ ನೇರ ತಾಗುವುದಿಲ್ಲ, ಗಾಳಿಯೂ ಆಡುತ್ತದೆ. ಕುಂಡಗಳನ್ನು ಒಂದಕ್ಕೊಂದು ಒತ್ತಿ ಗುಂಪು ಮಾಡಿ. ದಾಸವಾಳ, ಕಾಗದದ ಹೂವಿನಂಥ ಗಟ್ಟಿ ಗಿಡಗಳ ದೊಡ್ಡ ಕುಂಡ ಪಶ್ಚಿಮದ ಸಾಲಿಗೆ, ಪುದೀನ, ಕೊತ್ತಂಬರಿ ಅವುಗಳ ಮರೆಗೆ.

ಪ್ಲಾಸ್ಟಿಕ್ ಕುಂಡಕ್ಕೆ ಗೋಣಿಚೀಲ ಸುತ್ತಿ ಸುತಳಿ ಕಟ್ಟಿ. ನೀರು ಹಾಕುವಾಗ ಚೀಲಕ್ಕೂ ಒಂದು ಚೊಂಬು ಚಿಮುಕಿಸಿ. ಇನ್ನೂ ಒಳ್ಳೆಯದು ಅಂದರೆ, ಪ್ಲಾಸ್ಟಿಕ್ ಕುಂಡವನ್ನೇ ದೊಡ್ಡ ಮಣ್ಣಿನ ಕುಂಡದೊಳಗೆ ಇಳಿಸಿ ನಡುವಿನ ಸಂದಿಗೆ ಮರಳು ತುಂಬುವುದು. ಮರಳು ಹಸಿಯಾಗಿದ್ದರೆ ಸಾಕು, ಕುಡಿಯುವ ನೀರಿನ ಮಡಕೆ ತಂಪಾಗಿರುವ ಹಾಗೆಯೇ ಇದೂ. ಎರಡೂ ಕುಂಡದ ತಳದ ತೂತು ಮಾತ್ರ ತೆರೆದಿರಲಿ.

ಇನ್ನು ಮೇಲಿನ ನೆರಳು. ಶೇಡ್ ನೆಟ್ (ನೆರಳಿನ ಬಲೆ) ತರುವುದಾದರೆ ಅರ್ಧ ಬಿಸಿಲು ತಡೆಯುವ ಶೇಕಡಾ 50ರದ್ದು ಸಾಕು. 75ರದ್ದು ಕಟ್ಟಿದರೆ ಮಲ್ಲಿಗೆ, ಗುಲಾಬಿ ಹೂ ಬಿಡಲು ಸತಾಯಿಸುತ್ತವೆ. ಗಿಡದ ತಲೆಯಿಂದ ಎರಡು ಅಡಿ ಮೇಲಿರಲಿ, ಪಶ್ಚಿಮದ ಕಡೆ ಸ್ವಲ್ಪ ಕೆಳಗೆ ಇಳಿಬಿಡಿ. ನಮ್ಮ ಕಡೆ ಇನ್ನೊಂದು ಪುಕ್ಕಟೆ ದಾರಿ ಇದೆ: ತೊಗರಿ ರಾಶಿ ಮುಗಿದ ಮೇಲೆ ಉಳಿಯುವ ಕಟ್ಟಿಗೆ. ನಾಲ್ಕು ಬಿದಿರು ನಿಲ್ಲಿಸಿ ಮೇಲೆ ತೊಗರಿ ಕಟ್ಟಿಗೆ ತೆಳ್ಳಗೆ ಹರಡಿದರೆ ಚೆಂದದ ಹಂದರ. ಪ್ಲಾಸ್ಟಿಕ್ ತಾಡಪಾಲು ಮಾತ್ರ ಬೇಡ, ಅದರಡಿ ಗಾಳಿಯೇ ಆಡುವುದಿಲ್ಲ.

ಮಣ್ಣಿನ ಮೇಲೆ ಎರಡು ಇಂಚು ಒಣ ಎಲೆ, ತೆಂಗಿನ ನಾರು ಅಥವಾ ಶೇಂಗಾ ಸಿಪ್ಪೆ ಹೊದಿಸಿ. ಕಾಂಡಕ್ಕೆ ಅಂಟಿಸಬೇಡಿ.

ನೀರಿನ ವಿಷಯದಲ್ಲೇ ಜಾಸ್ತಿ ತಪ್ಪಾಗುವುದು. ಬೆಳಿಗ್ಗೆ 7ರೊಳಗೆ, ತಳದ ತೂತಿನಿಂದ ಹೊರಬರುವವರೆಗೆ ನಿಧಾನಕ್ಕೆ ಹಾಕಿ. ಬಿಸಿಲಲ್ಲಿ ಬಿದ್ದಿದ್ದ ಪೈಪಿನ ಮೊದಲ ನೀರು ಬಿಸಿ ಇರುತ್ತದೆ, ಅದನ್ನು ಬಕೆಟ್‌ಗೆ ಬಿಡಿ. ನೀರು ಹಾಕಿದ ಕೂಡಲೇ ತಳದಿಂದ ಬಳಬಳ ಇಳಿದುಹೋದರೆ ಗಿಡ ಕುಡಿಯಿತು ಅಂದುಕೊಳ್ಳಬೇಡಿ. ಮಣ್ಣು ಒಣಗಿ ಕುಂಡದ ಅಂಚು ಬಿಟ್ಟಿದೆ, ನೀರು ಆ ಸಂದಿಯಲ್ಲೇ ಜಾರಿದೆ. ಮಣ್ಣಿನಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇದ್ದರಂತೂ ಇದು ಮಾಮೂಲು. ಅಂಥ ಕುಂಡವನ್ನು ನೀರು ತುಂಬಿದ ಬಕೆಟ್‌ನಲ್ಲಿ ಇಳಿಸಿ. ಗುಳ್ಳೆ ಏಳುವುದು ನಿಂತ ಮೇಲೆ ಎತ್ತಿ.

ಮಧ್ಯಾಹ್ನ 2ಕ್ಕೆ ಎಲೆ ಜೋತುಬಿದ್ದರೆ ಓಡಿಹೋಗಿ ನೀರು ಸುರಿಯಬೇಡಿ. ಬೇರು ಎಳೆಯುವುದಕ್ಕಿಂತ ಬೇಗ ಎಲೆಯಿಂದ ನೀರು ಆರಿಹೋಗುತ್ತಿರುತ್ತದೆ, ಅಷ್ಟೇ. ಮೊದಲು ಮಣ್ಣಿಗೆ ಬೆರಳು ಚುಚ್ಚಿ. ಎರಡು ಇಂಚು ಕೆಳಗೆ ಹಸಿ ಇದ್ದರೆ ಸುಮ್ನೆ ಇರಿ, ಸಂಜೆ ಹೊತ್ತಿಗೆ ತಾನೇ ತಲೆ ಎತ್ತುತ್ತದೆ. ಮಣ್ಣು ಒಣಗಿದ್ದರೆ ಮಾತ್ರ ಕುಂಡವನ್ನು ನೆರಳಿಗೆ ಎಳೆದು ತಣ್ಣೀರು ಕೊಡಿ. ಹಸಿ ಮಣ್ಣಿದ್ದೂ ಮರುದಿನ ಬೆಳಿಗ್ಗೆ ತಲೆ ಎತ್ತದಿದ್ದರೆ ಬೇರಿಗೇ ಪೆಟ್ಟಾಗಿದೆ ಅಂತ ಲೆಕ್ಕ. ಅದಕ್ಕೆ ನೀರಿಗಿಂತ ನೆರಳೇ ಔಷಧಿ.

ಈ ಎರಡು ತಿಂಗಳು ಗೊಬ್ಬರ ಬೇಡ, ಕುಂಡ ಬದಲಿಸುವುದೂ ಬೇಡ. ಸುಟ್ಟ ಎಲೆಗಳನ್ನು ನೋಡಿ ಕತ್ತರಿ ಹಿಡಿಯಲು ಕೈ ತುರಿಸುತ್ತದೆ, ಅಲ್ವಾ? ತಡೆಯಿರಿ. ಅವು ಕೆಳಗಿನ ಹಸಿರು ಎಲೆಗೆ ಕೊಡೆ ಹಿಡಿದಿವೆ. ಜೂನ್‌ನಲ್ಲಿ ಮಿರಗದ (ಮೃಗಶಿರಾ) ಮಳೆ ಎರಡು ಸಲ ಬೀಳಲಿ. ಆಮೇಲೆ ಗೋಣಿಚೀಲ ಬಿಚ್ಚಿ, ಒಣಗಿದ್ದನ್ನು ಸವರಿ, ಒಂದೊಂದು ಹಿಡಿ ಎರೆಗೊಬ್ಬರ ಹಾಕಿ.