ಮಳೆಗಾಲದ ದಾಸ್ತಾನು: ವಾರಕ್ಕಿಷ್ಟು ಕೂಡಿಟ್ಟ ನನ್ನ ಅನುಭವ

ಹೊಸನಗರ ತಾಲ್ಲೂಕಿನ ನಗರ ಹೋಬಳಿಯಲ್ಲಿ ನಮ್ಮದು ಒಂಟಿ ಮನೆ. ನೆರೆಮನೆಗೆ ಹೋಗಬೇಕೆಂದರೂ ಒಂದು ತೋಟ, ಒಂದು ಹಳ್ಳ ದಾಟಬೇಕು. ಹುಲಿಕಲ್, ಮಾಸ್ತಿಕಟ್ಟೆ ಕಡೆಯ ಮಳೆ ಎಂಥದ್ದೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಕರೆಂಟು ಹೋಗುತ್ತದೆ, ಮರ ಬಿದ್ದು ರಸ್ತೆ ಕಟ್ಟುತ್ತದೆ, ಕಾಲುಸಂಕದ ಮೇಲೆ ನೀರು ಹರಿಯುತ್ತದೆ. ಟವರಿನ ಬ್ಯಾಟರಿ ಮುಗಿದರೆ ಫೋನೂ ಇಲ್ಲ. ಇದೆಲ್ಲ ಪ್ರತಿವರ್ಷದ ಮಾತು. 2019ರ ಆಗಸ್ಟಿನಲ್ಲಿ ಆಶ್ಲೇಷಾ ಮಳೆ ಹೊಡೆದಾಗ ತುಂಗೆ ಉಕ್ಕಿ ಶಿವಮೊಗ್ಗ ಪೇಟೆಯ ತಗ್ಗು ಬಡಾವಣೆಗಳಿಗೇ ನೀರು ನುಗ್ಗಿತ್ತು. ಪೇಟೆಯಿಂದ ನಮಗೆ ಸಾಮಾನು ಬರುವ ದಾರಿಯೇ ಹಾಗಾದ ಮೇಲೆ ಒಂಟಿ ಮನೆಯವರು ತಮ್ಮ ದಾರಿ ತಾವು ನೋಡಿಕೊಳ್ಳಲೇಬೇಕು. ಮರುವರ್ಷ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಮಳೆಯಿಲ್ಲದೆಯೂ ಅಂಗಡಿ ಬಾಗಿಲು ಹಾಕಬಹುದು ಎಂದು ಆಗ ಗೊತ್ತಾಯಿತು.

ಅತ್ತೆಯ ಕಾಲದಲ್ಲಿ ಈ ತಯಾರಿ ಒಟ್ಟಿಗೇ ನಡೆಯುತ್ತಿತ್ತು. ಅಡಕೆ ದುಡ್ಡು ಕೈಗೆ ಬಂದ ಮೇಲೆ ಒಂದು ಗಾಡಿ ಸಾಮಾನು ಬಂದು ಬೀಳುತ್ತಿತ್ತು. ಮನೆ ತುಂಬ ಹೆಂಗಸರು, ಹಪ್ಪಳ ಲಟ್ಟಿಸಲು ಹತ್ತು ಕೈ. ಈಗ ಮನೆಯಲ್ಲಿ ಐದೇ ಜನ. ಇಬ್ಬರು ಶಾಲೆಗೆ ಹೋಗುವ ಮಕ್ಕಳು, ಅತ್ತೆಗೆ ವಯಸ್ಸಾಗಿದೆ. ಒಂದೇ ಸಲ ಅಷ್ಟು ಕೊಳ್ಳುವ ದುಡ್ಡೂ ಇಲ್ಲ, ಒಂದೇ ವಾರದಲ್ಲಿ ಅಷ್ಟನ್ನೂ ಒಣಗಿಸಿ ತುಂಬುವ ಕೈಯೂ ಇಲ್ಲ. ಅದಕ್ಕೇ ನಾನು ವಾರಕ್ಕಿಷ್ಟು ಎಂದು ಹಂಚಿಕೊಂಡೆ. ಶಿವರಾತ್ರಿ ಕಳೆದ ಮೇಲೆ ಶುರು, ಮೇ 25ರ ಹೊತ್ತಿಗೆ ರೋಹಿಣಿ ಮಳೆ ಹುಟ್ಟುವುದರೊಳಗೆ ಮುಗಿಯಬೇಕು. ಸಂತೆಯ ದಿನ ಮಾಮೂಲು ಸಾಮಾನಿನ ಜೊತೆಗೆ ದಾಸ್ತಾನಿಗೆಂದು 300 ರೂಪಾಯಿ ಎತ್ತಿಡುತ್ತೇನೆ. ಅಕ್ಕಿ ನಮ್ಮ ಗದ್ದೆಯದೇ ಆದ್ದರಿಂದ ಈ ದುಡ್ಡು ಸಾಲುತ್ತದೆ. ಅಕ್ಕಿಯನ್ನೂ ಕೊಳ್ಳುವವರು ಇನ್ನೊಂದಿಷ್ಟು ಸೇರಿಸಿಕೊಳ್ಳಬೇಕು.

ಎಷ್ಟು ಬೇಕು ಎಂಬುದನ್ನು ನಾನು ಮಳೆನಕ್ಷತ್ರದಲ್ಲೇ ಲೆಕ್ಕ ಹಾಕುತ್ತೇನೆ. ಒಂದೊಂದು ಮಳೆ 13–14 ದಿನ. ಪುನರ್ವಸುವೋ ಪುಷ್ಯವೋ ಪೂರ್ತಿ ಒಂದು ಮಳೆ ಹೊರಗೆ ಕಾಲಿಡದಂತೆ ಹಿಡಿದರೂ ಮನೆ ನಡೆಯಬೇಕು. ಅದರ ಮೇಲೆ ಒಂದು ವಾರದ್ದು ಬಂದು ಹೋಗುವವರಿಗೆ, ನೆರೆಮನೆಗೆ. ಒಟ್ಟು ಮೂರು ವಾರ. ದೋಸೆ, ಕಡುಬು ಎಲ್ಲ ಸೇರಿ ನಮಗೆ ದಿನಕ್ಕೆ ಒಂದೂವರೆ ಕೆಜಿ ಅಕ್ಕಿ ಬೇಕು. ಹಾಗಾಗಿ 32 ಕೆಜಿ. ತೊಗರಿಬೇಳೆ ದಿನಕ್ಕೆ 200 ಗ್ರಾಮಿನಂತೆ 4 ಕೆಜಿ ಚಿಲ್ಲರೆ. ಎಣ್ಣೆ, ಬೆಲ್ಲ, ಉಪ್ಪು, ಚಹಾಪುಡಿಗೂ ಹೀಗೇ. ಇದನ್ನು ಅಂದಾಜಿನಲ್ಲಿ ಹೇಳುವುದು ಕಷ್ಟ. ಒಂದು ವಾರ ಅಡುಗೆಗೆ ತೆಗೆದದ್ದನ್ನೆಲ್ಲ ಅಳೆದು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡರೆ ನಿಮ್ಮ ಮನೆಯ ಲೆಕ್ಕ ನಿಮಗೇ ಸಿಗುತ್ತದೆ. ಇನ್ನೊಬ್ಬರ ಪಟ್ಟಿ ನೋಡಿ ಕೊಂಡರೆ ಮನೆಯಲ್ಲಿ ಯಾರೂ ತಿನ್ನದ್ದು ಬಂದು ಕೂರುತ್ತದೆ. ದಿನಾ ಉಣ್ಣುವುದನ್ನೇ ಹೆಚ್ಚಿಗೆ ಇಡಬೇಕು, ಹಳೆಯದನ್ನು ಮೊದಲು ಬಳಸಿ ಹೊಸದನ್ನು ಹಿಂದಕ್ಕೆ ಇಡಬೇಕು. ಡಬ್ಬಿಗೆ ಕಾಗದ ಅಂಟಿಸಿ ತುಂಬಿದ ತಿಂಗಳು ಬರೆಯುವುದು ಮಗಳ ಕೆಲಸ.

ಇಷ್ಟು ಹೇಳಿದರೆ ಕೊಳ್ಳುವ ಮಾತು ಮುಗಿಯಿತು. ಮಲೆನಾಡಿನಲ್ಲಿ ಕೊಳ್ಳುವುದು ದೊಡ್ಡದಲ್ಲ, ಥಂಡಿಯಿಂದ ಕಾಪಾಡುವುದೇ ಕೆಲಸ. ಬಯಲುಸೀಮೆಯಲ್ಲಿರುವ ನನ್ನ ತಂಗಿ ಚೀಲದಲ್ಲೇ ಬೇಳೆ ಇಟ್ಟರೂ ಆರು ತಿಂಗಳು ಇರುತ್ತದೆ. ಇಲ್ಲಿ ಆರಿದ್ರಾ ಮಳೆ ಮುಗಿಯುವುದರೊಳಗೆ ಗೋಡೆಯೇ ಬೆವರುತ್ತದೆ, ಉಪ್ಪು ನೀರೊಡೆಯುತ್ತದೆ, ಬೇಳೆಗೆ ಬೂಷ್ಟು, ರವೆಗೆ ಹುಳ. ವಾರಕ್ಕಿಷ್ಟು ಎಂಬ ಕ್ರಮ ನನಗೆ ಹಿಡಿಸಿದ್ದೂ ಇದಕ್ಕೇ. ಒಂದು ವಾರ ಒಂದೇ ಪದಾರ್ಥ ತಂದರೆ ಅದನ್ನು ಸರಿಯಾಗಿ ಒಣಗಿಸಲು ಸಮಯ ಸಿಗುತ್ತದೆ. ಫಾಲ್ಗುಣ, ಚೈತ್ರ, ವೈಶಾಖದ ಬಿಸಿಲು ಪುಕ್ಕಟೆ ಇದೆ. ಅದನ್ನು ಪೂರ್ತಿ ಬಳಸಿಕೊಳ್ಳಬೇಕು.

ಬೇಳೆಕಾಳನ್ನು ಅಂಗಳದಲ್ಲಿ ಚಾಪೆಯ ಮೇಲೆ ತೆಳುವಾಗಿ ಹರಡಿ ಎರಡು ಮೂರು ಬಿಸಿಲು ಹಾಯಿಸುತ್ತೇನೆ. ಹಲ್ಲಿಗಿಟ್ಟರೆ ಕಟ್ ಎಂದು ಒಡೆಯಬೇಕು, ಮೆತ್ತಗೆ ಚಪ್ಪಟೆಯಾಗಬಾರದು. ಇನ್ನೂ ಖಾತ್ರಿಯಾಗಬೇಕೆಂದರೆ ಒಂದು ಉಪಾಯವಿದೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಎರಡು ಚಮಚ ಹುರಿದು ಆರಿಸಿದ ಪುಡಿಉಪ್ಪು ಹಾಕಿ ಮುಚ್ಚಳ ಬಿಗಿದು ಕುಲುಕಿ, ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಮೆತ್ತಿಕೊಂಡರೆ ಕಾಳಿನಲ್ಲಿ ಇನ್ನೂ ಪಸೆ ಇದೆ ಎಂದರ್ಥ, ಇನ್ನೊಂದು ಬಿಸಿಲು ಬೇಕು. ಉಪ್ಪು ಉದುರುದುರಾಗಿ ಕೆಳಗೆ ಬಿದ್ದರೆ ತುಂಬಬಹುದು.

ಆದರೆ ಬಿಸಿಲಿನಿಂದ ಎತ್ತಿದ ತಕ್ಷಣ ತುಂಬಬಾರದು. ಬಿಸಿ ಕಾಳನ್ನು ಮುಚ್ಚಿದರೆ ಡಬ್ಬಿಯೊಳಗೇ ಬೆವರು ಬಿಟ್ಟು, ಒಣಗಿಸಿದ್ದೆಲ್ಲ ದಂಡ. ಇದರಲ್ಲಿ ಅತ್ತೆ ಬಹಳ ಕಟ್ಟುನಿಟ್ಟು. "ಮುಚ್ಚಳ ಹಾಕದು ಆಮೇಲೆ, ಮೊದ್ಲು ಒಳಗೆ ತಂದು ತಣ್ಣಗಾಗ್ಲಿ ಬಿಡು ಮಾರಾಯ್ತಿ" ಎನ್ನುತ್ತಾರೆ. ಹಾಗೆಂದು ರಾತ್ರಿಯಿಡೀ ಹರಡಿಡುವಂತೆಯೂ ಇಲ್ಲ, ಮತ್ತೆ ಥಂಡಿ ಎಳೆಯುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ತುಂಬಿ ಮುಗಿಸುತ್ತೇವೆ.

ತುಂಬುವ ಪಾತ್ರೆಗೆ ನಾನು ದುಡ್ಡು ಹಾಕಿಲ್ಲ. ತೊಳೆದು ಒಣಗಿಸಿದ ಎಣ್ಣೆ ಡಬ್ಬ, ದಪ್ಪ ಪ್ಲಾಸ್ಟಿಕ್ ಬಾಟಲಿ ಸಾಕು. ಕಾಳನ್ನು ತಟ್ಟಿ ತಟ್ಟಿ ಕಂಠದವರೆಗೆ ತುಂಬಬೇಕು. ಒಳಗೆ ಗಾಳಿ ಕಡಿಮೆಯಿದ್ದಷ್ಟೂ ಹುಳಕ್ಕೆ ಬದುಕುವುದು ಕಷ್ಟ. ದೊಡ್ಡ ಡಬ್ಬ ಒಂದಕ್ಕಿಂತ ಸಣ್ಣವು ನಾಲ್ಕು ಒಳ್ಳೆಯದು, ಮಳೆಗಾಲದಲ್ಲಿ ಒಂದನ್ನು ತೆರೆದರೆ ಉಳಿದ ಮೂರಕ್ಕೆ ಥಂಡಿ ತಾಗುವುದಿಲ್ಲ. ತೊಗರಿಬೇಳೆಗೆ ಅಂಗೈಯಲ್ಲಿ ಸ್ವಲ್ಪ ಹರಳೆಣ್ಣೆ ಹಚ್ಚಿಕೊಂಡು ಸವರುತ್ತೇವೆ. ಅಕ್ಕಿಗೆ ನೆರಳಲ್ಲಿ ಒಣಗಿಸಿದ ಲಕ್ಕಿ ಸೊಪ್ಪು. ಹುರುಳಿ, ಅಲಸಂದೆ ಬೂದಿಯಲ್ಲಿ ಹೊರಳಿ ಹಾಗೇ ಇರುತ್ತವೆ, ಬೇಯಿಸುವಾಗ ತೊಳೆದರಾಯಿತು. ಕೆಂಪಕ್ಕಿ ತಿನ್ನುವವರು ಒಂದು ಗಮನಿಸಬೇಕು. ತೌಡಿನಲ್ಲಿ ಎಣ್ಣೆಯಂಶ ಇರುವುದರಿಂದ ಅದು ಬೇಗ ಕಮಟು ವಾಸನೆ ಬರುತ್ತದೆ. ನಾವು ಭತ್ತವಾಗಿಯೇ ಇಟ್ಟು ಬೇಕಾದಷ್ಟೇ ಮಿಲ್ಲಿಗೆ ಹಾಕಿಸುತ್ತೇವೆ. ಗೋಧಿ, ರಾಗಿಯೂ ಹಿಟ್ಟಾದರೆ ಉಳಿಯುವುದಿಲ್ಲ, ಕಾಳಾಗಿದ್ದರೆ ಉಳಿಯುತ್ತದೆ. ರಾಗಿಗೆ ಹುಳ ಬೀಳುವುದೇ ಅಪರೂಪ. ರವೆಯನ್ನು ತಂದ ದಿನವೇ ಹುರಿದಿಡುತ್ತೇನೆ. ಬೂಷ್ಟು ಹಿಡಿದ ಶೇಂಗಾ ಮಾತ್ರ ಒಂದು ಬೊಗಸೆಯಿದ್ದರೂ ಎಸೆಯಿರಿ, ಅದರ ವಿಷ ಹುರಿದರೂ ಹೋಗುವುದಿಲ್ಲ.

ಡಬ್ಬಿಗಳು ನೆಲದ ಮೇಲಲ್ಲ, ಗೋಡೆಗೆ ತಾಗಿಯೂ ಅಲ್ಲ, ಹಲಗೆಯ ಮೇಲೆ. ಹಪ್ಪಳ, ಸಂಡಿಗೆ, ಬಾಳಕದ ಮೆಣಸು, ಕಲ್ಲುಪ್ಪು ಒಲೆಯ ಮೇಲಿನ ಅಟ್ಟಕ್ಕೆ. ಕಟ್ಟಿಗೆ ಒಲೆಯ ಹೊಗೆ, ಶಾಖ ಎರಡೂ ಅಲ್ಲಿಗೆ ತಾಗುತ್ತವೆ. ಗ್ಯಾಸ್ ಬಂತೆಂದು ಬಹಳ ಮನೆಗಳಲ್ಲಿ ಒಳಗಿನ ಒಲೆ ತೆಗೆಸಿದರು. ನಾನು ಉಳಿಸಿಕೊಂಡಿದ್ದೇನೆ. 14.2 ಕೆಜಿಯ ಇನ್ನೊಂದು ಸಿಲಿಂಡರ್ ತುಂಬಿಸಿಟ್ಟಿದ್ದರೂ ಅಟ್ಟಕ್ಕೆ ಶಾಖ ಕೊಡುವುದು ಒಲೆಯೇ.

ಹಣ್ಣು ತರಕಾರಿಯ ಭಾಗ ನನಗೆ ಬಹಳ ಇಷ್ಟದ್ದು, ಏಕೆಂದರೆ ಇದಕ್ಕೆ ಸಂತೆಯ ದುಡ್ಡು ಬೇಡ. ಅಪ್ಪೆಮಿಡಿ ಬಂದಾಗ ಉಪ್ಪಿಗೆ ಹಾಕಿಡುತ್ತೇವೆ. ಮಿಡಿ ಚಿರುಟಿ, ಬಿಟ್ಟ ನೀರಿನಲ್ಲೇ ಮುಳುಗಿರಬೇಕು. ಮೇಲೆ ತೇಲಿದ್ದು ಕೆಡುತ್ತದೆ. ಎಳೆಯದೂ ಅಲ್ಲದ, ಹಣ್ಣೂ ಆಗದ ಹಲಸಿನ ತೊಳೆ ಬಿಡಿಸಿ ಭರಣಿಯಲ್ಲಿ ಉಪ್ಪು ಹಾಕಿ ಮೇಲೊಂದು ತೊಳೆದ ಕಲ್ಲು ಹೇರುತ್ತೇವೆ. ಆಷಾಢದಲ್ಲಿ ತೆಗೆದು ನೀರಲ್ಲಿ ನೆನೆಸಿ ಉಪ್ಪು ಬಿಡಿಸಿದರೆ ಪಲ್ಯಕ್ಕೂ ಆಯಿತು, ರೊಟ್ಟಿಗೂ ಆಯಿತು. ಹಲಸಿನ ಬೀಜ ಕೆಮ್ಮಣ್ಣಿನ ಕೆಸರಲ್ಲಿ ಹೊರಳಿಸಿ ಒಣಗಿಸಿ ಮೂಲೆಯಲ್ಲಿ ರಾಶಿ ಹಾಕಿದರೆ ಮಳೆಗಾಲದ ಸಾರಿಗೆ ಬರುತ್ತದೆ. ಹುಳಿಗೆ ವಾಟೆ ಹೋಳು, ಮುರುಗಲ ಸಿಪ್ಪೆ. ಇವೆರಡನ್ನೂ ಗರಿಗರಿ ಒಣಗಿಸಿಟ್ಟರೆ ಹುಣಸೆಹಣ್ಣು ಕೊಳ್ಳುವ ಮಾತೇ ಇಲ್ಲ. ಬಲಿತ ಮಂಗಳೂರು ಸೌತೆಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಜಂತಿಗೆ ಸಾಲಾಗಿ ತೂಗುಹಾಕುತ್ತೇವೆ, ಒಂದಕ್ಕೊಂದು ತಾಗಬಾರದು. ಸಿಹಿಗುಂಬಳ, ಬೂದುಗುಂಬಳ ತೊಟ್ಟು ಸಮೇತ ಅಟ್ಟದ ಮೇಲೆ. ಸಿಪ್ಪೆ ಸುಲಿಯದ ತೆಂಗಿನಕಾಯಿ ಕೊಟ್ಟಿಗೆ ಅಟ್ಟದಲ್ಲಿ. ಸೊಪ್ಪನ್ನು ಕೂಡಿಡುವ ಅಗತ್ಯವೇ ಇಲ್ಲ, ಮಳೆ ಬಿದ್ದ ಮೇಲೆ ಚಗತೆ, ಕೆಸು, ಒಂದೆಲಗ ಅಂಗಳದ ಅಂಚಿಗೇ ಬರುತ್ತವೆ.

ಒಲೆ ಹಚ್ಚಲೂ ಆಗದ ದಿನಕ್ಕೆ ಅವಲಕ್ಕಿ, ಹುರಿಹಿಟ್ಟು, ಬೆಲ್ಲ ಬೇರೆ ಡಬ್ಬಿಯಲ್ಲಿರುತ್ತದೆ. ಹುರಿಹಿಟ್ಟಿಗೆ ಬಿಸಿನೀರೂ ಬೇಡ, ಮಜ್ಜಿಗೆ ಬೆಲ್ಲ ಸಾಕು, ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ.

ಇಷ್ಟು ಮಳೆಯ ನಾಡಿನಲ್ಲಿ ನೀರನ್ನೂ ಕೂಡಿಡಬೇಕೇ ಎಂದು ಕೇಳುವವರಿದ್ದಾರೆ. ಕೂಡಿಡಲೇಬೇಕು. ನಮಗೆ ನೀರು ಗುಡ್ಡದ ಒರತೆಯಿಂದ ಪೈಪಿನಲ್ಲಿ ಬರುತ್ತದೆ. ಜಡಿಮಳೆಯಲ್ಲಿ ತರಗೆಲೆ, ಮಣ್ಣು ಕಟ್ಟಿ ಪೈಪು ನಿಲ್ಲುವುದೇ ಆಗ. ಬಾವಿಯೂ ಕೆಂಪಾಗಿರುತ್ತದೆ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 3 ಲೀಟರ್ ಹಿಡಿದರೂ ಐದು ಜನಕ್ಕೆ ಮೂರು ದಿನಕ್ಕೆ 45 ಲೀಟರ್ ಬೇಕು. 20 ಲೀಟರಿನ ಮೂರು ಕ್ಯಾನ್ ತುಂಬಿಟ್ಟು ವಾರಕ್ಕೊಮ್ಮೆ ಬದಲಿಸುತ್ತೇನೆ, ಹಳೆಯ ನೀರು ಪಾತ್ರೆ ತೊಳೆಯಲು ಹೋಗುತ್ತದೆ. ಕೆಂಪು ನೀರೇ ಗತಿಯಾದರೆ ಪಟಿಕ ಆಡಿಸಿ, ತಿಳಿಯಾದ ಮೇಲೆ ದಪ್ಪ ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸುವುದು. ಪಟಿಕ ಕೆಸರನ್ನು ಮಾತ್ರ ಕೂರಿಸುತ್ತದೆ, ರೋಗಾಣು ಸಾಯುವುದು ಕೊತಕೊತ ಕುದಿಸಿದಾಗಲೇ.

ಔಷಧಿಗೆ ಪ್ರತ್ಯೇಕ ಡಬ್ಬಿ. ಅತ್ತೆಗೆ ಬಿಪಿ, ಶುಗರ್ ಎರಡೂ ಇದೆ. ಅವರ ಮಾತ್ರೆ ಯಾವಾಗಲೂ ಒಂದು ತಿಂಗಳಿನದು ಮುಂಗಡ ಇರಬೇಕು ಎಂಬುದು ನಮ್ಮ ಮನೆಯವರ ಜವಾಬ್ದಾರಿ. ಕರೆಂಟಿಲ್ಲದಾಗ ಇನ್ಸುಲಿನ್ ಏನು ಮಾಡುವುದು ಎಂಬ ಹೆದರಿಕೆ ಬಹಳ ಜನರಿಗಿದೆ. ಬಳಸಲು ಶುರುಮಾಡಿದ ಇನ್ಸುಲಿನ್ ಸಾಮಾನ್ಯವಾಗಿ ನಾಲ್ಕು ವಾರ ಫ್ರಿಜ್ಜಿನ ಹೊರಗೂ ಇರುತ್ತದೆ, ಬಿಸಿ ತಾಗಬಾರದಷ್ಟೆ. ನಮ್ಮ ಮಳೆಗಾಲದ ತಂಪು ಅದಕ್ಕೆ ಸಾಕು. ಒಲೆಯ ಕೋಣೆಯಿಂದ ದೂರ ಇಡಿ, ನಿಮ್ಮ ಪೊಟ್ಟಣದೊಳಗಿನ ಸೂಚನೆ ಓದಿ, ಡಾಕ್ಟರನ್ನೂ ಕೇಳಿಕೊಳ್ಳಿ. ಭೇದಿಗೆ ಓಆರ್‌ಎಸ್ ಪೊಟ್ಟಣ ಇಟ್ಟಿರುತ್ತೇನೆ. ಮುಗಿದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟ ಮಾಡಿದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು, ಸಣ್ಣ ಮಕ್ಕಳಿಗೆ ಅಪಾಯ.

ಬೆಳಕಿಗೆ ಎರಡು ಚಾರ್ಜಿನ ಲೈಟು, ಸೆಲ್ಲಿನ ಒಂದು ಟಾರ್ಚು, ಬೆಂಕಿಪೊಟ್ಟಣ ಬಿಗಿ ಮುಚ್ಚಳದ ಬಾಟಲಿಯಲ್ಲಿ. ಸೆಲ್ಲಿನ ರೇಡಿಯೋ ಕೂಡ ಇದೆ. ಫೋನಿಲ್ಲದ ದಿನ ಭದ್ರಾವತಿ ಆಕಾಶವಾಣಿಯೇ ಸುದ್ದಿ. ಟವರ್ ಇಲ್ಲದಾಗ ಫೋನ್‌ಪೇಯೂ ನಡೆಯುವುದಿಲ್ಲವಾದ್ದರಿಂದ ಚಿಲ್ಲರೆ ನೋಟು ಸ್ವಲ್ಪ ಎತ್ತಿಟ್ಟಿರಬೇಕು. ಪಹಣಿ, ಆಧಾರ್, ರೇಷನ್ ಕಾರ್ಡಿನ ನಕಲು ಪ್ಲಾಸ್ಟಿಕ್ ಕವರಿನಲ್ಲಿ, ಔಷಧಿ ಡಬ್ಬಿಯ ಜೊತೆಗೆ ಒಂದೇ ಕೈಚೀಲದಲ್ಲಿವೆ. ಧರೆ ಕುಸಿಯುವ ಸೂಚನೆ ಕಂಡು ಮನೆ ಬಿಟ್ಟು ಹೊರಡಬೇಕಾದರೆ ಆ ಚೀಲ ಒಂದನ್ನು ಹಿಡಿದರೆ ಸಾಕು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ 112, ಆಂಬುಲೆನ್ಸಿಗೆ 108, ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಮಿಗೆ 1077, ಕರೆಂಟಿಗೆ 1912 ಎಂದು ಬರೆದಿದ್ದೇವೆ. ಇನ್ನೊಂದನ್ನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ: ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬೇಡಿ. ಅದರ ವಿಷಗಾಳಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಬಾಣಂತಿ ಕೋಣೆಯಲ್ಲಂತೂ ಬೇಡವೇ ಬೇಡ.

ಕಟ್ಟಿಗೆ, ದರಕು, ದನಕ್ಕೆ ಹುಲ್ಲು ಹಿಂಡಿ ಇವು ಗಂಡಸರ ಬೇಸಿಗೆ ಕೆಲಸದಲ್ಲೇ ಸೇರಿವೆ. ಒಲೆ ಹತ್ತಿಸಲು ಒಣ ಅಡಕೆ ಸಿಪ್ಪೆ ಎರಡು ಚೀಲ ಬಚ್ಚಲುಮನೆಯಲ್ಲಿ ನಾನೇ ತುಂಬಿಡುತ್ತೇನೆ.

ಮಳೆಗಾಲದಲ್ಲಿ ದಾಸ್ತಾನನ್ನು ಮುಟ್ಟದೆ ಇಡುವುದಿಲ್ಲ. ಸಂತೆಗೆ ಹೋಗಲಾದ ವಾರ ಖರ್ಚಾದಷ್ಟು ತಂದು ತುಂಬುತ್ತೇವೆ, ಹೋಗಲಾಗದ ವಾರ ಒಳಗಿನದನ್ನೇ ಉಣ್ಣುತ್ತೇವೆ. ಆಶ್ಲೇಷಾ, ಮಘಾ ದಾಟಿದ ಮೇಲೆ ತುಂಬುವುದನ್ನು ನಿಲ್ಲಿಸಿ ಉಳಿದದ್ದನ್ನು ತಿಂದು ಮುಗಿಸುತ್ತ ಬರುತ್ತೇವೆ. ಚೌತಿಯ ಅಡುಗೆಗೆ ಬೆಲ್ಲ, ಬೇಳೆ ಅಲ್ಲಿಂದಲೇ ಬರುತ್ತದೆ. ನವರಾತ್ರಿಯ ಬಿಸಿಲಿಗೆ ಖಾಲಿ ಡಬ್ಬಗಳನ್ನೆಲ್ಲ ತೊಳೆದು ಅಂಗಳದಲ್ಲಿ ಬೋರಲು ಹಾಕುತ್ತೇವೆ. ಬರುವ ವರ್ಷಕ್ಕೆ ಪೈಪಿನ ಬಾಯಿಗೆ ಒಳ್ಳೆಯ ಜಾಲರಿ, ಇನ್ನೊಂದು ಜೊತೆ ಟಾರ್ಚ್ ಸೆಲ್ಲು, ನೆರೆಮನೆಯ ಅಜ್ಜಿಯ ಬಿಪಿ ಮಾತ್ರೆಯ ಹೆಸರು ಇಷ್ಟನ್ನು ಪಟ್ಟಿಗೆ ಸೇರಿಸಿದ್ದೇನೆ.