ಪಿಕಪ್ ಬಾಡಿಯಲ್ಲಿ ಸ್ಟೆಪ್ನಿಗೆ ನಾನು ಮಾಡಿಕೊಂಡ ಜಾಗ

ನನ್ನ ಪಿಕಪ್‌ಗೆ ಮೊದಲು ಇದ್ದದ್ದು 265/70 ಆರ್ 17 ಟೈರ್ (ಅಗಲ 265 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 70, ರಿಮ್ 17 ಇಂಚು). ಅದನ್ನು ತೆಗೆದು 285/70 ಆರ್ 17 ಹಾಕಿಸಿದೆ. ಎತ್ತರದಲ್ಲಿ 28 ಮಿ.ಮೀ., ಅಗಲದಲ್ಲಿ 20 ಮಿ.ಮೀ. ವ್ಯತ್ಯಾಸ, ಅಷ್ಟೇ. ಆದರೆ ಚಾಸಿಯ ಕೆಳಗೆ ಸ್ಟೆಪ್ನಿ ಕೂರುವ ಜಾಗದಲ್ಲಿ ಅಷ್ಟೂ ಸಡಿಲ ಇರುವುದಿಲ್ಲ. ಒಂದು ಕಡೆ ಸೈಲೆನ್ಸರ್ ಪೈಪು, ಇನ್ನೊಂದು ಕಡೆ ಬಂಪರ್ ಹಿಡಿದ ಕಬ್ಬಿಣ. ಟೈರ್ ಎರಡಕ್ಕೂ ತಾಗುತ್ತಿತ್ತು. ಹಾಗಾಗಿ ಅದಕ್ಕೆ ಮೇಲೆ, ಬಾಡಿಯಲ್ಲೇ ಜಾಗ ಮಾಡಬೇಕಾಯಿತು.

ಕೆಳಗೆ ಹಿಡಿಸುವುದಾದರೆ ಅಲ್ಲೇ ಇರಲಿ ಎನ್ನುವವನು ನಾನು. ಭಾರ ಕೆಳಗಿರುತ್ತದೆ, ಸಾಮಾನಿಗೆ ಪೂರ್ತಿ ಬಾಡಿ ಸಿಗುತ್ತದೆ. ಆದರೆ ಅದನ್ನು ಎತ್ತಿ ಹಿಡಿಯುವ ಕೇಬಲ್ ರಾಟೆಗೆ ಯಾರೂ ಗಮನ ಕೊಡುವುದಿಲ್ಲ. ಕೆಸರು, ನೀರು, ಧೂಳು ಎಲ್ಲ ಅಲ್ಲೇ ಸೇರಿ ತುಕ್ಕು ಹಿಡಿಯುತ್ತದೆ. ಪಂಚರ್ ಆದ ದಿನ ರಾಡ್ ತಿರುಗಿಸಿದರೆ ಸ್ಟೆಪ್ನಿ ಇಳಿಯುವುದೇ ಇಲ್ಲ. ಆಗಾಗ ಪೂರ್ತಿ ಕೆಳಗಿಳಿಸಿ, ಕೇಬಲ್ ತೊಳೆದು ಒಣಗಿಸಿ, ರಾಟೆಗೆ ಗ್ರೀಸ್ ಹಾಕಿ ಮತ್ತೆ ಏರಿಸಿದರೆ ಸಾಕು. ಕೇಬಲ್ಲಿನ ಒಂದು ಎಳೆ ಕಿತ್ತು ಹೊರಗೆ ಬಂದಿದ್ದರೂ ಕೇಬಲ್ ಬದಲಿಸಿ. ಏರಿಸಿದ ಮೇಲೆ ಟೈರನ್ನು ಕೈಯಿಂದ ಅಲುಗಾಡಿಸಿ ನೋಡಬೇಕು. ಸ್ವಲ್ಪ ತೂಗಾಡಿದರೂ ಆ ಕೇಬಲ್ ದಿನಾ ಸವೆಯುತ್ತಾ ಇರುತ್ತದೆ.

ಈಗ ಮೇಲಿನ ಕೆಲಸಕ್ಕೆ ಬರುತ್ತೇನೆ. ಸ್ಟೆಪ್ನಿಯನ್ನು ಬಾಡಿಯಲ್ಲಿ ಸುಮ್ನೆ ಮಲಗಿಸಿ ಮೇಲೆ ಒಂದು ಬೆಲ್ಟ್ ಎಳೆದು ಓಡಾಡುವವರನ್ನು ತುಂಬಾ ನೋಡಿದ್ದೇನೆ. ಟೈರ್ ರಬ್ಬರ್ ಅಲ್ವಾ, ಬೆಲ್ಟಿನ ಕೆಳಗೆ ಅದು ಅಮುಕುತ್ತದೆ. ಪ್ರತಿ ಗುಂಡಿಗೂ ಒಂಚೂರು ಅಮುಕಿ, ಒಂಚೂರು ಜರುಗಿ, ಕೊನೆಗೆ ಬೆಲ್ಟ್ ಸಡಿಲವಾಗುತ್ತದೆ. ಅದಕ್ಕೇ ನಾನು ಕೆಲಸ ಶುರು ಮಾಡುವ ಮೊದಲೇ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದೆ: ಹಿಡಿತ ಇರಬೇಕಾದ್ದು ರಿಮ್ಮಿನ ಮೇಲೆ, ರಬ್ಬರಿನ ಮೇಲಲ್ಲ.

ಮಲಗಿಸಿದರೆ ಬಾಡಿಯ ಅರ್ಧ ಜಾಗ ಹೋಗುತ್ತದೆ. ಹಿಂದಿನ ಬಂಪರಿಗೆ ಬಾಗಿಲಿನ ಹಾಗೆ ತೆರೆಯುವ ಕ್ಯಾರಿಯರ್ ಹಾಕಿಸಬಹುದಿತ್ತು, ಆದರೆ ಅದರ ಕೀಲು ಸವೆದು ಸದ್ದು ಮಾಡುತ್ತದೆ, ನಂಬರ್ ಪ್ಲೇಟೂ ಲೈಟೂ ಮರೆಯಾಗುತ್ತವೆ. ನಾನು ಆರಿಸಿದ್ದು ಬಾಡಿಯ ಮುಂಭಾಗ, ಕ್ಯಾಬಿನ್ನಿಗೆ ಅಂಟಿದ ಗೋಡೆಯ ಮುಂದೆ ನೆಟ್ಟಗೆ ನಿಲ್ಲಿಸುವುದನ್ನು. ಇದಕ್ಕೆ ಒಂದು ಕಾರಣ ಇದೆ. ಜೋರಾಗಿ ಬ್ರೇಕ್ ಹಾಕಿದಾಗ ಸಾಮಾನು ಮುಂದಕ್ಕೇ ನುಗ್ಗುತ್ತದೆ. ಸಾಮಾನು ಕಟ್ಟುವ ಲೆಕ್ಕದಲ್ಲಿ ಮುಂದಕ್ಕೆ ಬರುವ ತಳ್ಳುವಿಕೆಯನ್ನು ಅದರ ತೂಕದ 0.8 ಪಾಲು ಎಂದು ಹಿಡಿಯುತ್ತಾರೆ, ಪಕ್ಕಕ್ಕೆ 0.5 ಪಾಲು. ರಿಮ್ ಸೇರಿ ಟೈರ್ 40 ಕಿಲೋ ಇದ್ದರೆ ಮುಂದಕ್ಕೆ 32 ಕಿಲೋ. ಗಾಡಿ ಎಲ್ಲಾದರೂ ಗುದ್ದಿದರೆ ಅದರ ಎಷ್ಟೋ ಪಟ್ಟು. ಮುಂದೆ ಆನಿಕೊಂಡು ನಿಂತ ಚಕ್ರಕ್ಕೆ ಓಡಿ ಬಂದು ಹೊಡೆಯಲು ಜಾಗವೇ ಇಲ್ಲ.

ಫ್ರೇಮಿಗೆ 50 ಮಿ.ಮೀ. ಚೌಕ ಪೈಪು ಬಳಸಿದೆ. ನಿಂತ ಎರಡು ಕಂಬ, ಅಡ್ಡ ಎರಡು ಪಟ್ಟಿ, ನಡುವೆ ಹಿಂದಕ್ಕೆ ಚಾಚಿದ ಒಂದು ಗಿಡ್ಡ ಕಾಲು. ಆ ಕಾಲಿನ ತುದಿಯಲ್ಲಿ ದಪ್ಪ ಪ್ಲೇಟು, ಪ್ಲೇಟಿನಲ್ಲಿ ಎದುರುಬದುರಾಗಿ ಎರಡು ಸ್ಟಡ್ (ನಟ್ಟು ಕೂರುವ ತಿರುಪಿನ ಕಡ್ಡಿ). ಸ್ಟಡ್‌ಗಳು ನನ್ನ ಗಾಡಿಯಲ್ಲಿ ಚಕ್ರ ಕೂರುವ ಹಬ್‌ನಲ್ಲಿ ಇರುವ ಅಳತೆಯವೇ, 12 ಮಿ.ಮೀ. ದಪ್ಪ, 1.5 ಪಿಚ್ (ತಿರುಪಿನ ಎಳೆಗಳ ನಡುವಿನ ಅಂತರ, ಮಿ.ಮೀ.ನಲ್ಲಿ). ಹಾಗಾಗಿ ಚಕ್ರದ ನಟ್ಟುಗಳೇ ಇಲ್ಲಿಗೂ ಆಗುತ್ತವೆ. ಅವುಗಳ ಇಳಿಜಾರು ತುದಿ ರಿಮ್ಮಿನ ತೂತಿನೊಳಗೆ ಸರಿಯಾಗಿ ಕೂತು ಚಕ್ರವನ್ನು ನಡುಮಧ್ಯಕ್ಕೆ ತರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಪಂಚರ್ ಆದ ಚಕ್ರ ಬಿಚ್ಚುವ ಸ್ಪ್ಯಾನರೇ ಸ್ಟೆಪ್ನಿಯನ್ನೂ ಬಿಚ್ಚುತ್ತದೆ. ಬೇರೆ ಕೀಲಿ, ಬೇರೆ ಸಲಕರಣೆ ಹುಡುಕುವ ಪಾಡಿಲ್ಲ.

ಆ ಕಾಲಿನ ಉದ್ದವೇ ಇಡೀ ಕೆಲಸದ ಜೀವ. ಚಕ್ರವನ್ನು ಹೊರಮೈ ಕೆಳಗೆ ಮಾಡಿ ನೆಲದಲ್ಲಿ ಮಲಗಿಸಿ, ಟೈರಿನ ಹಿಂಬದಿಗೆ ಅಡ್ಡಲಾಗಿ ಒಂದು ನೇರ ಪಟ್ಟಿ ಇಟ್ಟೆ. ಪಟ್ಟಿಯ ತಳದಿಂದ ಹಬ್‌ಗೆ ತಾಗುವ ಮೈವರೆಗೆ ಅಳೆದರೆ 176 ಮಿ.ಮೀ. ಬಂತು. ಕಾಲನ್ನು 170ಕ್ಕೆ ಕತ್ತರಿಸಿದೆ. ಈಗ ನಟ್ಟು ಬಿಗಿದಾಗ ಟೈರಿನ ಪಕ್ಕೆ ಅಡ್ಡಪಟ್ಟಿಗಳಿಗೆ 6 ಮಿ.ಮೀ. ಒತ್ತಿಕೊಳ್ಳುತ್ತದೆ. ಆ ಒತ್ತಡದಿಂದಲೇ ಚಕ್ರ ಕಟಕಟ ಅನ್ನುವುದಿಲ್ಲ, ನಟ್ಟೂ ಸಡಿಲ ಬೀಳುವುದಿಲ್ಲ. ಕಾಲು ಉದ್ದವಾಗಿದ್ದರೆ ಚಕ್ರ ಬರೀ ಎರಡು ಸ್ಟಡ್ ಮೇಲೆ ನೇತಾಡುತ್ತಿತ್ತು. ತೀರಾ ಗಿಡ್ಡವಾದರೆ ರಿಮ್ಮು ಪ್ಲೇಟಿಗೆ ಕೂರುವುದೇ ಇಲ್ಲ. ರಬ್ಬರ್ ತಾಗುವ ಕಡೆ ಅಡ್ಡಪಟ್ಟಿಯ ಅಂಚುಗಳನ್ನು ಚೆನ್ನಾಗಿ ಉಜ್ಜಿ ನುಣುಪು ಮಾಡಿದ್ದೇನೆ.

ಬಾಡಿಯ ನೆಲ ತೆಳು ತಗಡು. ಅದಕ್ಕೆ ಬರೀ ಬೋಲ್ಟ್ ಹಾಕಿದರೆ ತೂತು ಹರಿದು ದೊಡ್ಡದಾಗುತ್ತದೆ. ಎರಡು ಬೋಲ್ಟ್ ನೆಲದ ಕೆಳಗಿನ ಅಡ್ಡತೊಲೆಯ ಮೂಲಕವೇ ಹೋಗುವಂತೆ ಜಾಗ ನೋಡಿದೆ. ಉಳಿದ ಎರಡಕ್ಕೆ ಕೆಳಗಿನಿಂದ ಅಂಗೈಯಗಲದ, 6 ಮಿ.ಮೀ. ದಪ್ಪದ ಪ್ಲೇಟು ಕೊಟ್ಟೆ. 12 ಮಿ.ಮೀ. ಬೋಲ್ಟು, 8.8 ಗ್ರೇಡು (ಗಟ್ಟಿ ಉಕ್ಕಿನದು), ಒಳಗೆ ನೈಲಾನ್ ಇರುವ ನಟ್ಟು. ಡ್ರಿಲ್ ಹಿಡಿಯುವ ಮುಂಚೆ ಗಾಡಿಯ ಕೆಳಗೆ ಮಲಗಿ ನೋಡಲೇಬೇಕು. ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು, ವೈರು ಎಲ್ಲ ಅಲ್ಲೇ ಹಾದುಹೋಗಿರುತ್ತವೆ. ತೂತು ಕೊರೆದ ಮೇಲೆ ಅದರ ಅಂಚಿಗೆ ಪ್ರೈಮರ್ ಬಳಿದು, ಒಣಗಿದ ನಂತರವೇ ಬೋಲ್ಟ್ ಹಾಕಿ.

ನಿಲ್ಲಿಸಿದ್ದು ಪಕ್ಕದ ಸೀಟಿನ ಹಿಂದೆ. ಡ್ರೈವರ್ ಹಿಂದೆ ನಿಲ್ಲಿಸಿದ್ದರೆ ಹಿಂದಿನ ಗಾಜಿನ ನೋಟ ಹೋಗುತ್ತಿತ್ತು. ಸ್ಟೆಪ್ನಿ ಇರುವ ಕಡೆ ಬಾಡಿಯ ಉದ್ದಕ್ಕೂ ಭಾರದ ಸಾಮಾನು ಇಡುವುದಿಲ್ಲ, ಸುಲಭವಾಗಿ ಸರಿಸಬಹುದಾದ ಹಗುರ ಸಾಮಾನು ಮಾತ್ರ. ನಟ್ಟು ಬಿಚ್ಚಿ, ಚಕ್ರವನ್ನು ಉರುಳಿಸಿಕೊಂಡು ಹಿಂದಿನ ಬಾಗಿಲವರೆಗೆ ತಂದು, ಅಂಚಿನಿಂದ ನಿಧಾನಕ್ಕೆ ನೆಲಕ್ಕಿಳಿಸುತ್ತೇನೆ. 40 ಕಿಲೋವನ್ನು ಪಕ್ಕದ ಗೋಡೆ ದಾಟಿಸಿ ಎತ್ತಿದರೆ ಸೊಂಟ ಉಳಿಯುವುದಿಲ್ಲ. ಯಾರ ಸಹಾಯವೂ ಇಲ್ಲದೆ ಇಳಿಸಲಿಕ್ಕೆ ಆಗಬೇಕು, ಅದೂ ಲೋಡ್ ಇರುವಾಗ. ಅದನ್ನು ಮನೆ ಮುಂದೆಯೇ ಒಮ್ಮೆ ಮಾಡಿ ನೋಡಿ.

ಸ್ಟಡ್ ಜೊತೆಗೆ ಒಂದು ರ್ಯಾಚೆಟ್ ಬೆಲ್ಟ್ (ಹಿಡಿಕೆ ಆಡಿಸಿ ಬಿಗಿಯುವ ಪಟ್ಟಿ) ಕೂಡ ಇದೆ, ರಿಮ್ಮಿನ ಕಿಂಡಿಗಳೊಳಗೆ ತೂರಿಸಿ ಫ್ರೇಮಿಗೆ ಎಳೆದದ್ದು. ಬೆಲ್ಟ್ ಕೊಳ್ಳುವಾಗ ಹರಿಯುವ ತೂಕ ನೋಡಬೇಡಿ, ಕೆಲಸದ ತೂಕ, ಅಂದರೆ ಅದು ಸುರಕ್ಷಿತವಾಗಿ ತಡೆಯುವ ತೂಕ ನೋಡಿ. ಅದು ಸಾಮಾನ್ಯವಾಗಿ ಹರಿಯುವ ತೂಕದ ಮೂರನೇ ಒಂದು ಪಾಲು. ಬಿಸಿಲಿಗೆ ಬಣ್ಣ ಬಿಟ್ಟ ಬೆಲ್ಟನ್ನು ನಾನು ಇಟ್ಟುಕೊಳ್ಳುವುದಿಲ್ಲ. ಹಿಗ್ಗುವ ರಬ್ಬರ್ ಹಗ್ಗವಂತೂ ಈ ಕೆಲಸಕ್ಕೆ ಬೇಡವೇ ಬೇಡ. ಕಳ್ಳತನಕ್ಕೆ, ರಿಮ್ಮಿನ ಮೂಲಕ ಒಂದು ಸರಪಳಿ ಹಾಕಿ ಬೀಗ. ಮೊದಲ ಸಲ ಸ್ವಲ್ಪ ದೂರ ಓಡಿಸಿ ನಟ್ಟುಗಳನ್ನು ಮತ್ತೆ ಬಿಗಿದೆ. ಆಮೇಲೆ ನಟ್ಟಿನಿಂದ ರಿಮ್ಮಿಗೆ ಬಿಳಿ ಬಣ್ಣದಲ್ಲಿ ಒಂದೇ ಗೆರೆ ಎಳೆದೆ. ಗೆರೆ ತುಂಡಾಗಿ ಕಂಡರೆ ನಟ್ಟು ತಿರುಗಿದೆ ಎಂದು ದೂರದಿಂದಲೇ ತಿಳಿಯುತ್ತದೆ.

ಗಾಳಿ ತುಂಬುವ ವಾಲ್ವ್ ಗಾಡಿಯ ಹಿಂದಕ್ಕೆ ಮುಖ ಮಾಡಿರುವುದರಿಂದ ಗಾಳಿ ನೋಡುವುದು ಈಗ ಸುಲಭ. ಉಪಯೋಗಿಸದೆ ಇಟ್ಟ ಟೈರೂ ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ. ಬಿಸಿಲು ಬೀಳುವ ಜಾಗವಾದ್ದರಿಂದ ಕವರ್ ಹಾಕಿದ್ದೇನೆ. ಟೈರಿನ ಪಕ್ಕೆಯ ಮೇಲಿನ ನಾಲ್ಕಂಕಿಯನ್ನೂ ಓದಿಕೊಳ್ಳಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಟೈರುಗಳ ಜಾಗ ಅದಲುಬದಲು ಮಾಡುವಾಗ ನಾನು ಸ್ಟೆಪ್ನಿಯನ್ನೂ ಸರದಿಗೆ ಸೇರಿಸುತ್ತೇನೆ. ಐದೂ ಒಂದೇ ಸಮ ಸವೆಯುತ್ತವೆ, ನಾಲ್ಕು ಚಕ್ರದ ಡ್ರೈವ್ ಇರುವ ಗಾಡಿಗೆ ಅದು ಮುಖ್ಯ.