ಬಿಪಿ ಇದ್ದವರು ರಕ್ತ ಹೆಪ್ಪುಗಟ್ಟುವುದರ ಮೇಲೂ ಕಣ್ಣಿಡುವುದು ಹೇಗೆ?

ಬಿಪಿ ಏರಿದರೆ ನರ ಒಡೆಯುತ್ತದೆ ಎಂದೇ ಎಲ್ಲರಿಗೂ ಭಯ. 22 ವರ್ಷ ಲ್ಯಾಬಿನಲ್ಲಿ ರಕ್ತ ತೆಗೆದ ನಾನೂ ನನಗೆ 158/96 ಬಂದ ದಿನ ಹೆದರಿದ್ದು ಅದಕ್ಕೇ. ಆದರೆ ಬಿಪಿಯಿಂದ ಆಗುವ ಸ್ಟ್ರೋಕ್, ಹಾರ್ಟ್ ಅಟ್ಯಾಕ್‌ಗಳಲ್ಲಿ ಹೆಚ್ಚಿನವು ನಾಳ ಒಡೆದು ಆಗುವುದಿಲ್ಲ. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಂಡು ಆಗುತ್ತವೆ.

ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತಾ ಪ್ಲೇಟ್‌ಲೆಟ್‌ಗಳು ಅಂಟದಂತೆ ನೋಡಿಕೊಳ್ಳುತ್ತದೆ. ವರ್ಷಗಟ್ಟಲೆ ಒತ್ತಡ ಬಿದ್ದರೆ ಆ ಪದರ ಕೆಡುತ್ತದೆ. ಪ್ಲೇಟ್‌ಲೆಟ್‌ಗಳನ್ನು ಅಂಟಿಸುವ ವಾನ್ ವಿಲಿಬ್ರಾಂಡ್ ಫ್ಯಾಕ್ಟರ್ ಏರುತ್ತದೆ. ಹೆಪ್ಪಿನ ಎಳೆಗಳಾಗುವ ಫೈಬ್ರಿನೋಜನ್, ಹೆಪ್ಪು ಕರಗದಂತೆ ತಡೆಯುವ ಪಿಎಐ-1, ಇವೂ ಬಿಪಿ ಇರುವವರಲ್ಲಿ ಸರಾಸರಿ ಜಾಸ್ತಿ.

ಹಾಗಾದರೆ ಫೈಬ್ರಿನೋಜನ್ ಟೆಸ್ಟ್ ಮಾಡಿಸೋಣವೇ? ಸುಮ್ನೆ ಬೇಡ. ಸಾಮಾನ್ಯ ಮಟ್ಟ ಡೆಸಿಲೀಟರಿಗೆ 200ರಿಂದ 400 ಮಿಲಿಗ್ರಾಂ. ಸೋಂಕು, ಸಿಗರೇಟು, ಬಸಿರು, ಏನಿದ್ದರೂ ಅದು ಏರುತ್ತದೆ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಪಿಟಿ ಟೆಸ್ಟ್ ನಾರ್ಮಲ್ ಬಂದ ಮಾತ್ರಕ್ಕೆ ಹೆಪ್ಪುಗಟ್ಟುವುದಿಲ್ಲ ಎಂದೂ ಅಲ್ಲ. ಡಾಕ್ಟರ್ ಬರೆದುಕೊಟ್ಟರೆ ಮಾಡಿಸಿ. ಆಗ ನೀಲಿ ಮುಚ್ಚಳದ ಟ್ಯೂಬು ಗೆರೆ ಮುಟ್ಟುವಷ್ಟು ತುಂಬಿದೆಯೇ ನೋಡಿ. ಅದರಲ್ಲಿ 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ (ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ) ಇರಬೇಕು. ಅರ್ಧ ತುಂಬಿದರೆ ಹೆಪ್ಪುಗಟ್ಟಲು ಹಿಡಿಯುವ ಸಮಯ ಸುಳ್ಳೇ ಜಾಸ್ತಿ ತೋರಿಸುತ್ತದೆ. ಅರೆ ತುಂಬಿದ ಟ್ಯೂಬು ವಾಪಸ್ ಕಳಿಸಿ ನಾನು ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ!

ನಿಮ್ಮ ಕೈಲಿರುವ ಟೆಸ್ಟ್ ಎಂದರೆ ಬಿಪಿ ಮೆಷಿನ್. ಅದನ್ನು ನೆಟ್ಟಗೆ ಬಳಸಿ. ಮೂತ್ರಕ್ಕೆ ಹೋಗಿ ಬನ್ನಿ. ಕಾಫಿ, ಸಿಗರೇಟು ಆಗಿ ಅರ್ಧ ಗಂಟೆ ಕಳೆದಿರಲಿ. ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ 5 ನಿಮಿಷ ಕೂತಿರಿ. ಪಟ್ಟಿಯನ್ನು ಬರಿ ತೋಳಿಗೆ ಕಟ್ಟಿ, ತೋಳು ಎದೆಮಟ್ಟದಲ್ಲಿರಲಿ. ಮಾತಾಡಬೇಡಿ, ಅದೇ ಕಷ್ಟ ಅಲ್ವಾ! ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ. ಬೆಳಿಗ್ಗೆ ಮಾತ್ರೆಗೆ ಮುಂಚೆ ನೋಡುವುದನ್ನು ತಪ್ಪಿಸಬೇಡಿ. ಎದ್ದ ಹೊತ್ತಿಗೆ ಒತ್ತಡ ಏರುತ್ತದೆ, ಪಿಎಐ-1 ಕೂಡ ಬೆಳಿಗ್ಗೆಯೇ ಜಾಸ್ತಿ. ಮನೆಯ ಸರಾಸರಿ 135/85 ಮುಟ್ಟಿದರೆ ಡಾಕ್ಟರಿಗೆ ಆ ಚೀಟಿ ತೋರಿಸಿ.

ಬಿಪಿ ಇದೆ ಎಂದು ನೀವೇ ಆಸ್ಪಿರಿನ್ ಶುರು ಮಾಡಬೇಡಿ. ಒತ್ತಡ ಹತೋಟಿಯಲ್ಲಿ ಇಲ್ಲದಾಗ ರಕ್ತ ತೆಳು ಮಾಡುವ ಮಾತ್ರೆಯಿಂದ ಮೆದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯ ಹೆಚ್ಚು. ಡಾಕ್ಟರೇ ಕೊಟ್ಟಿದ್ದರೆ ನೀವಾಗಿ ನಿಲ್ಲಿಸಲೂ ಬೇಡಿ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಬಿಪಿಯನ್ನೂ ಏರಿಸುತ್ತದೆ, ರಕ್ತಸ್ರಾವದ ಅಪಾಯವನ್ನೂ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವವರು ಬಿಪಿ ಇರುವುದನ್ನು ಹೇಳಲೇಬೇಕು. ಅದು ಒತ್ತಡ, ಹೆಪ್ಪು ಎರಡನ್ನೂ ಹೆಚ್ಚಿಸಬಹುದು.

ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಅದು ಸ್ಟ್ರೋಕ್ ಇರಬಹುದು, ಮೆಷಿನ್ ಹುಡುಕುತ್ತಾ ಕೂರಬೇಡಿ. ಆಸ್ಪಿರಿನ್ ಕೊಡಬೇಡಿ. ನಾಳ ಒಡೆದಿದೆಯೋ ಮುಚ್ಚಿದೆಯೋ ಸ್ಕ್ಯಾನ್ ಮಾಡದೆ ಗೊತ್ತಾಗುವುದಿಲ್ಲ. ಶುರುವಾದ ಗಂಟೆ ನೋಡಿಕೊಂಡು ಆಸ್ಪತ್ರೆಗೆ ಓಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುಂಚೆ ಆಸ್ಪತ್ರೆಯವರು ಬಿಪಿಯನ್ನು 185/110ಕ್ಕಿಂತ ಕೆಳಗೆ ಇಳಿಸಬೇಕಾಗುತ್ತದೆ.